ಹೆಣ್ಣು ಕೇಳುವವನಿಗೆ ಕಡೆಯ ಗ್ಲಾಸು

ಕೈಯಲ್ಲಿರುವ ಕೆಲಸ ಪಕ್ಕಕ್ಕಿಟ್ಟು ಇದೊಂದನ್ನು ಪೂರ್ತಿ ಕೇಳಿಬಿಡಿ. ಅರ್ಧಕ್ಕೇ ತೀರ್ಪು ಕೊಡಬೇಡಿ. ಬೆನೆದೆಕ್ ಮಾಡಿದ ತಪ್ಪೇ ಅದು.

ಹೆಣ್ಣು ಕೇಳಲು ಬಂದ ಕಾಲ್ಮಾನನನ್ನು ನೆಲಮಾಳಿಗೆಗೆ ಇಳಿಸುವ ಮೊದಲೇ ಬೆನೆದೆಕ್ ಮನಸ್ಸಿನಲ್ಲಿ ಫೇಲು ಮಾಡಿಯಾಗಿತ್ತು.

ತೊಕಾಯ್ ಬೆಟ್ಟಗಳ ಬುಡದ ಆ ಮನೆಗೊಂದು ಕಟ್ಟಳೆ. ಬೆನೆದೆಕನ ಅಪ್ಪ ಹಾಕಿದ್ದು. ಮನೆಯ ಹೆಣ್ಣನ್ನು ಕೇಳಲು ಬಂದವನು ಮೊದಲು ನೆಲಮಾಳಿಗೆಗೆ ಇಳಿಯಬೇಕು. ಸುರಿದ ವೈನು ಯಾವ ದ್ರಾಕ್ಷಿಯದು, ಯಾವ ಸೀಮೆಯದು ಎಂದು ಕುಡಿದು ಹೇಳಬೇಕು. ಬೆನೆದೆಕನ ಅಕ್ಕ, ತಂಗಿ ಇಬ್ಬರ ಗಂಡಂದಿರೂ ಹೀಗೇ ಗೆದ್ದವರು. ಹೇಳಿದರೆ ಮದುವೆ, ತಪ್ಪಿದರೆ ಸಂಜೆಯ ರೈಲು.

"ಪಾಸಾದ್ರೆ ನಾನು ಬಾಯಿ ತೆರೆಯಲ್ಲ," ಎಂದು ಬೆನೆದೆಕ್ ಬೆಳಿಗ್ಗೆ ರೋಜಿಗೆ ಮಾತು ಕೊಟ್ಟಿದ್ದ. "ಫೇಲಾದ್ರೆ ನೀನು ಅವನ ಹೆಸರೆತ್ತಬಾರದು." ರೋಜಿಯೂ ಒಪ್ಪಿ ಮಾತು ಕೊಟ್ಟಿದ್ದಳು.

ಕಾಲ್ಮಾನ್ ದೇಶದ ಇನ್ನೊಂದು ತುದಿಯ ವಿಲ್ಲಾನ್ಯ್ ಸೀಮೆಯವನು. ಕೆಂಪು ವೈನಿನವರ ನಾಡು. ಮದುವೆಯಾದರೆ ರೋಜಿ ಅಲ್ಲಿಗೇ ಹೋಗುವವಳು. ಬಳ್ಳಿಯಲ್ಲೇ ಬಾಡಿ ಸುಕ್ಕಾದ ಹಣ್ಣುಗಳನ್ನು ಗೊಂಚಲಿನಿಂದ ಒಂದೊಂದಾಗಿ ಬಿಡಿಸುವುದರಲ್ಲಿ ಅವಳಂಥ ಬೆರಳು ಊರಲ್ಲೇ ಇಲ್ಲ. ಅದಾದರೂ ಇರಲಿ. ಅವಳಿಲ್ಲದ ಮನೆಯನ್ನು ಬೆನೆದೆಕ್ ಒಂದು ದಿನವೂ ಕಂಡವನಲ್ಲ.

ಕಾಲ್ಮಾನ್ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದ. ಹೆಣ್ಣು ಕೇಳಲು ಬಂದವನಿಗೆ ಅಳುಕಿರದೆ ಇನ್ನೇನಿದ್ದೀತು? ಗೋಡೆಯ ಕರಿ ಬೂಷ್ಟು ಹೊಸ ಕೋಟಿಗೆ ಮೆತ್ತಿಕೊಂಡಿತು.

"ರೋಜಿ ನಿಮ್ಮ ಬಗ್ಗೆ ತುಂಬ ಹೇಳಿದ್ದಾಳೆ," ಎಂದ.

ಬೆನೆದೆಕನ ಮುಖ ಗಂಟಾಯಿತು. ಈ ಮನೆಯಲ್ಲಿ ಯಾರೂ ಅವಳನ್ನು ರೋಜಿ ಎಂದು ಕರೆಯುತ್ತಿರಲಿಲ್ಲ.

"ಏನಂತ?"

"ಹಟಮಾರಿ, ಆದ್ರೆ ಮನಸ್ಸು ಒಳ್ಳೇದು ಅಂತ."

"ಈ ಮದುವೇನ ಒಂದು ವರ್ಷ ಮುಂದಕ್ಕೆ ಹಾಕಿದ್ರೆ?" ಎನ್ನುತ್ತ ಬೆನೆದೆಕ್ ಬಾಟಲಿ ಎತ್ತಿಕೊಂಡ.

"ಕಾಯೋಕೆ ನಮ್ಮ ಹತ್ರ ಟೈಮಿಲ್ಲ."

ಬೆನೆದೆಕನ ಕೈಯಲ್ಲಿದ್ದ ಬಾಟಲಿ ಅಲ್ಲೇ ನಿಂತಿತು. "ಟೈಮಿಲ್ಲ ಅಂದ್ರೆ? ಡಾಕ್ಟರ ಹತ್ರ ಏನಾದ್ರೂ ಹೋಗಿದ್ರಾ?"

"ಛೆ ಛೆ. ಅಂಥದ್ದೇನಿಲ್ಲ. ಗಾಬರಿ ಆಗ್ಬೇಡಿ."

ಮೊದಲ ಗ್ಲಾಸು ಹಳದಿ. ಕಾಲ್ಮಾನ್ ಮೂಸಿದ, ಗುಟುಕರಿಸಿದ. "ಹೊಗೆ. ಉಪ್ಪು. ಹಲ್ಲು ಚುಳ್ಳೆನ್ನೋ ಹುಳಿ. ಶೋಮ್ಲೋ ಬೆಟ್ಟದ್ದು. ಯುಹ್‌ಫಾರ್ಕ್, ಕುರಿಬಾಲದ ಹಾಗಿರೋ ಗೊಂಚಲು."

"ಮೊದಲ ರಾತ್ರಿ ಇದನ್ನ ಕುಡಿದ್ರೆ ಗಂಡುಮಗು ಅಂತಾರೆ," ಎಂದ ಬೆನೆದೆಕ್ ತಣ್ಣಗೆ. "ಒಂದು ಬಾಟ್ಲಿ ಕಟ್ಟಿಕೊಡ್ಲಾ?"

"ನಮಗೆ ಬೇಡ. ಆ ಮಾತು ಬಂದಿತ್ತು. ರೋಜೀನೇ ಬಿದ್ದು ಬಿದ್ದು ನಕ್ಕಳು."

ಬೆನೆದೆಕನ ಕಿವಿ ಕೆಂಪಾಯಿತು. ಬೇಗ ಬೇಗ ಎರಡನೆಯದನ್ನು ಸುರಿದ. ಕಿವಿಯ ಹಾಗೆ ಅದೂ ಕೆಂಪೇ.

"ಕದರ್ಕಾ ದ್ರಾಕ್ಷಿ."

"ನಿಮ್ಮ ಕಡೇದು ತಾನೆ?" ಬೆನೆದೆಕ್ ಗಾಳ ಹಾಕಿದ.

"ಅಲ್ಲ. ನಮ್ಮ ಬಿಸಿಲಿಗೆ ಕದರ್ಕಾ ಮೈ ಬಿಟ್ಟು ಕೂತಿರುತ್ತೆ. ಇದು ಚಳಿಗೆ ಮುದುಡ್ಕೊಂಡಿದೆ. ಉತ್ತರದ್ದು. ಎಗೆರ್ ಸೀಮೆ."

ಬೆನೆದೆಕ್ ಪೀಪಾಯಿಗೆ ಗಾಜಿನ ಕೊಳವೆ ಇಳಿಬಿಟ್ಟು ಮೂರನೆಯದನ್ನು ಎಳೆದ.

"ಇದು ನಿಮ್ಮದೇ ಫುರ್ಮಿಂಟ್," ಎಂದ ಕಾಲ್ಮಾನ್. "ಆದ್ರೆ ಒಂದು ಬಕೆಟ್ಟು ಹಾರ್ಶ್‌ಲೆವೆಲ್ಯೂ ದ್ರಾಕ್ಷೀನೂ ಸೇರಿಸಿದ್ದೀರಿ. ಆ ಜೇನು ವಾಸನೆ ಮುಚ್ಚಿಡೋಕಾಗಲ್ಲ."

"ಒಂದೂವರೆ ಬಕೆಟ್ಟು," ಎಂದು ಬೆನೆದೆಕ್ ಗೊಣಗಿದ.

ಮೇಲಿನಿಂದ ಅವನ ಹೆಂಡತಿ ಇಲ್ಕಾಳ ದನಿ ಬಂತು. "ಏನ್ರೀ, ಮುಗೀತಾ? ಒಲೆಯಿಂದ ತೆಗೆದ ಪೊಗಾಚ ಬನ್ನೆಲ್ಲ ಆರಿಹೋಯ್ತು. ಇಲ್ಲಿ ನೋಡಿದ್ರೆ ಮದುವಣಗಿತ್ತಿ ಕನ್ನಡಿ ಬಿಟ್ಟು ಈಚೆಗೆ ಬರೋ ಹಾಗೇ ಇಲ್ಲ, ಹದಿನಾರರ ಹುಡುಗಿ ತರಹ!"

"ಬಂದ್ವಿ. ಇನ್ನೊಂದೇ."

ಇನ್ನೊಂದು ಎಂದರೆ ಚೀಟಿಯಿಲ್ಲದ ಬಾಟಲಿ. ಅಪ್ಪನ ಕೊನೆಯ ಸುಗ್ಗಿಯ ಫುರ್ಮಿಂಟ್. ಅಪ್ಪನನ್ನು ಮಣ್ಣು ಮಾಡಿದ ದಿನ ಎಲ್ಲರೂ ಅದನ್ನು ಕುಡಿದು ಅಮೃತ ಎಂದಿದ್ದರು. ಬೆನೆದೆಕನೂ ಎಂದಿದ್ದ. ಅಮೃತವಲ್ಲ ಎಂದು ಅವನಿಗೂ ಗೊತ್ತಿತ್ತು. ಈಗ ಹೊಗಳಿದರೆ ಸುಳ್ಳುಗಾರ, ತೆಗಳಿದರೆ ಸತ್ತವರಿಗೆ ಅವಮಾನ ಮಾಡಿದವನು. ಎರಡರಲ್ಲಿ ಯಾವುದಾದರೂ ಕಾಲ್ಮಾನನಿಗೆ ರೈಲೇ ಗತಿ.

"ನಮ್ಮಪ್ಪನ ಕೊನೇ ಸುಗ್ಗೀದು," ಎಂದಷ್ಟೇ ಹೇಳಿ ಬೆನೆದೆಕ್ ಸುರಿದ. ಕಾಲ್ಮಾನ್ ಒಂದು ಗುಟುಕು ಕುಡಿದು ಇನ್ನೊಮ್ಮೆ ಮೂಸಿದ.

"ದ್ರಾಕ್ಷಿ ಯಾವುದು ಅಂತ ಹೇಳೋಕಾಗಲ್ಲ," ಎಂದ. "ವಿನೆಗರ್ ಆಗಿದೆ. ಪೀಪಾಯಿ ಇಂಗಿದ ಹಾಗೆಲ್ಲ ತುಂಬಿಸ್ತಾ ಇರ್ಬೇಕು. ತುಂಬಿಸೋ ಕೈಗೆ ಆ ವರ್ಷ ಶಕ್ತಿ ಇರ್ಲಿಲ್ಲ."

ಎಂದವನು ಗ್ಲಾಸೆತ್ತಿ ತಳ ಕಾಣುವವರೆಗೆ ಕುಡಿದ.

"ಕೆಟ್ಟಿದೆ ಅಂತೀರಿ, ಮತ್ತೆ ಯಾಕೆ ಕುಡಿದ್ರಿ? ಉಗೀಬಹುದಿತ್ತಲ್ಲ."

"ಮಾಡಿದವರು ಎದುರಿಗಿದ್ದಿದ್ರೆ ಉಗಿದು ಜಗಳ ಆಡ್ತಿದ್ದೆ. ಇಲ್ವಲ್ಲ."

ಬೆನೆದೆಕ್ ಬರಿದಾದ ಗ್ಲಾಸನ್ನೇ ನೋಡುತ್ತ ನಿಂತ. ಕಟ್ಟಳೆಯ ಲೆಕ್ಕದಲ್ಲಿ ದ್ರಾಕ್ಷಿಯ ಹೆಸರು ಬಂದಿಲ್ಲ. ಫೇಲು ಎಂದರೆ ಅದು ಸುಳ್ಳೂ ಅಲ್ಲ. ರೋಜಿ ಎಲ್ಲಿಗೂ ಹೋಗುವುದಿಲ್ಲ, ಮತ್ತೆ ಆ ಹೆಸರೂ ಎತ್ತುವುದಿಲ್ಲ. ಕೊಟ್ಟ ಮಾತಿಗೆ ತಪ್ಪುವವಳಲ್ಲ ಅವಳು.

ಬಾಗಿಲು ತೆರೆಯಿತು. ಮೆಟ್ಟಿಲ ತುದಿಯಲ್ಲಿ ನೀಲಿ ಉಡುಪಿನ ರೋಜಿ, ತುಟಿಗೆ ಬಣ್ಣ, ಎರಡೂ ಕೈ ಕಂಬಿಯ ಮೇಲೆ.

"ಪಾಸಾ, ಫೇಲಾ? ನಿಂತೂ ನಿಂತೂ ನನ್ನ ಕಾಲು ಸೋತುಹೋಯ್ತು."

"ಪಾಸು," ಎಂದ ಬೆನೆದೆಕ್, ತನ್ನನ್ನು ಹೆತ್ತ ಎಪ್ಪತ್ತೆರಡರ ತಾಯಿಗೆ. ಅವನ ಜಾಗದಲ್ಲಿ ನೀವಿದ್ದಿದ್ದರೆ ಏನನ್ನುತ್ತಿದ್ದಿರಿ?