ಮುಗಿಯದ ಶನಿವಾರ

ಸೋಮವಾರ ಸಂಜೆಯಾದರೂ ಗಲ್ಫಿನ ವೆಸ್ಟ್ ಬೇಯ ಆ ಫ್ಲಾಟಿನಲ್ಲಿ ಶನಿವಾರ ಮುಗಿದಿರಲಿಲ್ಲ. ಶುಕ್ರವಾರ ಹಾಕಿದ್ದ ಲೈಟುಗಳನ್ನು ಯಾರೂ ಆರಿಸಿರಲಿಲ್ಲ, ಒಲೆ ಹೊತ್ತಿಸಿರಲಿಲ್ಲ. ಬೆಂಗಳೂರಿನ ಕಂಟೋನ್ಮೆಂಟಿನಲ್ಲಿ ಬೆಳೆದ ಯಹೂದಿ ಹೆಣ್ಣುಮಗಳು ನವೋಮಿ ಆಫೀಸಿಗೆ ಹೋಗದೆ, ಫೋನ್ ಮುಟ್ಟದೆ, ಹಬ್ಬದ ಬಟ್ಟೆಯಲ್ಲೇ ಅಪ್ಪನ ಕೈ ಹಿಡಿದು ಕೂತಿದ್ದಳು. ಮೇಜಿನ ಮೇಲೆ ಲವಂಗದ ಪುಟ್ಟ ಡಬ್ಬಿ ಮುಚ್ಚಿಯೇ ಇತ್ತು.

ಅಪ್ಪನ ಆರೈಕೆಗೆ ಇಟ್ಟುಕೊಂಡ ನರ್ಸ್ ಫ್ರೀಡಾ ಮಂಗಳೂರಿನವಳು. ಸಾವನ್ನು ಎಷ್ಟೋ ಸಲ ಹತ್ತಿರದಿಂದ ಕಂಡವಳು, ಸುಲಭಕ್ಕೆ ಹೆದರುವ ಪೈಕಿಯಲ್ಲ. ಶುಕ್ರವಾರ ಬೆಳಿಗ್ಗೆ ಡಾಕ್ಟರು ‘ಇವತ್ತೋ ನಾಳೆಯೋ’ ಎಂದು ಕೈಚೆಲ್ಲಿ ಹೋಗಿದ್ದರು. ಸಂಜೆ ನವೋಮಿ, ಕೆಲಸವನ್ನೂ ಬೆಂಕಿಯನ್ನೂ ಮುಟ್ಟಬಾರದ ಯಹೂದಿಗಳ ವಾರದ ವಿಶ್ರಾಂತಿ ದಿನ ಸಬ್ಬತ್ತಿನ ಮೇಣದಬತ್ತಿ ಹಚ್ಚಿದ್ದೇ ತಡ, ವಾರಗಟ್ಟಲೆ ಕಣ್ಣು ಬಿಡದಿದ್ದ ಅವಳಪ್ಪ ರೂಬೆನ್ ಎದ್ದು ಕೂತು ಹಾಡಿದರು. ಆರುವ ದೀಪ ಜೋರಾಗಿ ಉರಿಯುತ್ತದೆ ಅಂದುಕೊಂಡಳು ಫ್ರೀಡಾ. ಆದರೆ ದೀಪ ಆರಲೇ ಇಲ್ಲ, ಅವಳಿಗೆ ಅದೇ ಕಸಿವಿಸಿ.

“ಶನಿವಾರ ಸಂಜೆಗೇ ಮುಗಿಯುದಲ್ವಾ ಮೇಡಂ ನಿಮ್ಮ ಸಬ್ಬತ್?” ಎಂದು ಕೇಳಿಯೇಬಿಟ್ಟಳು.

“ನಾವು ಮುಗಿಸಿದ್ರೆ ಮುಗಿಯುತ್ತೆ ಸಿಸ್ಟರ್. ಸಬ್ಬತ್ ದಿನ ನಮ್ಮೊಳಗೆ ಇನ್ನೊಂದು ಆತ್ಮ ಬಂದು ಇರುತ್ತೆ, ನೆಂಟರ ಥರ. ಕೊನೇಲಿ ದ್ರಾಕ್ಷಾರಸ ಕುಡಿದು, ದೀಪ ಆರಿಸಿ ಕಳಿಸಿಕೊಡ್ತೀವಿ. ಅದು ಹೋಗೋ ಸಂಕಟ ತಡ್ಕೊಳೋಕೆ ಲವಂಗ ಮೂಸ್ತೀವಿ.” ಅವಳ ದನಿ ಗಟ್ಟಿಯಾಯಿತು. “ನಾನು ಆ ಡಬ್ಬಿ ತೆಗೆಯಲ್ಲ. ತೆಗೆದ್ರೆ ಅಪ್ಪ ಹೋಗ್ಬಿಡ್ತಾರೆ.”

“ಅಂಕಲ್‌ಗೆ ಇದು ಇಷ್ಟ ಉಂಟಾ?”

“ಆರು ದಿನ ಹಿಡ್ಕೊಂಡಿದ್ದನ್ನ ಏಳನೇ ದಿನ ಬಿಡೋದೇ ಸಬ್ಬತ್ ಅಂತ ಕಲಿಸಿದ್ದೇ ಅಪ್ಪ,” ಎಂದಳು ನವೋಮಿ. ಹಿಡಿದ ಕೈಯನ್ನು ಮಾತ್ರ ಬಿಡಲಿಲ್ಲ.

ಫ್ರೀಡಾ ಬಿ.ಪಿ. ಪಟ್ಟಿ ಸುತ್ತಿದಳು. ಮಷೀನ್ ಏನನ್ನೂ ತೋರಿಸಲಿಲ್ಲ. ತನ್ನ ತೋಳಿಗೆ ಸುತ್ತಿ ನೋಡಿದರೆ ಸರಿಯಾಗಿಯೇ ಇತ್ತು. ರೂಬೆನ್ ಅವರ ಮಣಿಕಟ್ಟು ಹಿಡಿದಳು. ತಣ್ಣಗಿತ್ತು, ನಾಡಿ ಸಿಗಲಿಲ್ಲ. ಅವರು ಮುಗುಳ್ನಕ್ಕು, “ನಿಮಗೆ ತೊಂದರೆ ಕೊಟ್ಟೆ ತಾಯಿ” ಎಂದರು.

ಫ್ರೀಡಾ ಮಣಿಕಟ್ಟು ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದಳು. ಇದೇ ಮನುಷ್ಯ ಶುಕ್ರವಾರ ಕಣ್ಣು ಬಿಟ್ಟವರೇ ‘ಏ ಮಂಗಳೂರು, ಆ ಸೂಜಿ ಆಚೆ ಬಿಸಾಕು’ ಎಂದು ಬಯ್ದಿದ್ದರು. ಶನಿವಾರ ಕತ್ತಲಾದ ಮೇಲೆ ಒಂದು ಬೈಗುಳವಿಲ್ಲ. ಮಗಳನ್ನು ಹೆಸರು ಹಿಡಿದು ಕರೆದಿಲ್ಲ. ಒರಗು ಎಂದರೂ ಒರಗದೆ, ಬಸ್ಸಿಗೆ ಕಾಯುವವರಂತೆ ಮಂಚದ ಅಂಚಿನಲ್ಲೇ ಕೂತಿದ್ದಾರೆ.

“ಅಪ್ಪ ಎಷ್ಟು ಮೆತ್ತಗಾಗಿದ್ದಾರೆ ನೋಡಿ,” ಎಂದು ಕಣ್ಣೊರೆಸಿಕೊಳ್ಳುತ್ತ ನವೋಮಿ ನೀರು ತರಲು ಒಳಗೆ ಹೋದಳು. ಹೊರಗೆ ಮಸೀದಿಯಿಂದ ಮುಸ್ಸಂಜೆಯ ಮಗ್ರಿಬ್ ಬಾಂಗ್ ಶುರುವಾಯಿತು. ಫ್ರೀಡಾ ಗಡಿಬಿಡಿಯಿಂದ ಶಿಲುಬೆಯ ಗುರುತು ಹಾಕಿಕೊಂಡಳು.

ನವೋಮಿ ಮರೆಯಾಗುವುದನ್ನೇ ಕಾಯುತ್ತಿದ್ದ ರೂಬೆನ್ ಎದೆಯ ಮೇಲೆ ಕೈಯಿಟ್ಟುಕೊಂಡು, ಬಲು ಸಂಕೋಚದಿಂದ ಹೇಳಿದರು:

“ಆ ಮಗುವಿಗೆ ನೀವಾದರೂ ಹೇಳಿ ತಾಯಿ. ಈ ಮನೆಯ ಯಜಮಾನರು ಶನಿವಾರ ಸಂಜೆಯೇ ಹೊರಟುಹೋದರು. ಯಾರೂ ಇಲ್ಲದ ಮನೆಯಲ್ಲಿ ನೆಂಟ ಎಷ್ಟು ದಿನ ಅಂತ ಕೂತಿರಲಿ?”