ಪರದೆ ಹಿಂದಿನ ಕಂಪ್ಯೂಟರ್

ಹೊಸ ಜಾಲತಾಣ ಕಣ್ಣು ಕಾಣದವರಿಗೆ ದಕ್ಕುವುದಿಲ್ಲ ಎಂದು ವರದಿ ಕೊಟ್ಟದ್ದಕ್ಕೆ ಪದ್ಮಶ್ರೀಯನ್ನು ಪರೀಕ್ಷಕರ ಸಮಿತಿಯಿಂದ ತೆಗೆದುಹಾಕಲಾಯಿತು. ಸಮಿತಿಯಲ್ಲಿ ಕಣ್ಣು ಕಾಣದವಳು ಅವಳೊಬ್ಬಳೇ ಇದ್ದಳು.

ಜಾಲತಾಣ ಹುನಗುಂದದ ನೇಯ್ಗೆ ಸಂಶೋಧನಾ ಕೇಂದ್ರದ್ದು. ಎಲ್ಲರಿಗೂ ಸುಲಭವಾಗಲಿ ಎಂದು ಸರ್ಕಾರ ಅದನ್ನು ಹೊಸದಾಗಿ ಕಟ್ಟಿಸಿತ್ತು. ಗುಂಡಿಗಳು ಮಿನುಗುತ್ತಿದ್ದವು. ಸೀರೆಯ ಸೆರಗೊಂದು ಆ ತುದಿಯಿಂದ ಈ ತುದಿಗೆ ಹಾರಾಡುತ್ತಿತ್ತು. ಕಂಡದ್ದನ್ನು ಓದಿ ಹೇಳುವ ತಂತ್ರಾಂಶ ಮಾತ್ರ ಒಳಹೊಕ್ಕ ಕೂಡಲೇ "ಚಿತ್ರ, ಚಿತ್ರ, ಚಿತ್ರ" ಎಂದು ಮೂಕವಾಗುತ್ತಿತ್ತು.

ಶುಕ್ರವಾರ ಬೆಂಗಳೂರಿನ ಮೇಡಂ ಬಂದು 'ಸುಗಮ' ಎಂದು ಸಹಿ ಹಾಕಿದರೆ ಕಾಗದದ ಅರ್ಜಿ ಅಂದೇ ಬಂದ್. ಅಲ್ಲಿಯವರೆಗೆ ಯಾವ ಅರ್ಜಿಯನ್ನೂ ತೆಗೆದುಕೊಳ್ಳುವುದಿಲ್ಲ ಎಂದು ಕಚೇರಿ ಹೇಳಿತ್ತು. ಇಳಕಲ್ಲಿನ ಮಗ್ಗದ ಹಾಡುಗಳ ಮೇಲೆ ಸಂಶೋಧನೆ ಮಾಡಲು ಪದ್ಮಶ್ರೀ ಹಾಕಬೇಕಿದ್ದ ಫೆಲೋಶಿಪ್ ಅರ್ಜಿ ಆಮೇಲೆ ಆ ಮಿನುಗುವ ಗುಂಡಿಗಳ ಆಚೆಗೆ. ಅಲ್ಲಿಗೆ ಅವಳಿಗೆ ದಾರಿಯಿಲ್ಲ.

ಮೇಡಂ ಒಂದೇ ಷರತ್ತು ಹಾಕಿದ್ದರು. ಅಂಧರೊಬ್ಬರು ತಮ್ಮೆದುರು ಜಾಲತಾಣ ಬಳಸಿ ತೋರಿಸಬೇಕು.

"ಖರೆ ಕುರುಡರನ್ನ ಕರದ್ರ ಖರೆ ಹೇಳಿಬಿಡ್ತಾರಲೇ," ಎಂದ ನಿರ್ದೇಶಕ ಹೊಳಬಸಪ್ಪ, ಗುಮಾಸ್ತ ನಾಗಲಿಂಗನಿಗೆ. "ಒಬ್ಬ ನಟನ್ನ ಹಿಡಕೊಂಡ ಬಾ."

ಕುಳಗೇರಿ ಕ್ರಾಸಿನಲ್ಲಿ ಟೆಂಟು ಹಾಕಿದ್ದ ನಾಟಕ ಕಂಪನಿಯಿಂದ ಪ್ರಭುಲಿಂಗ ಬಂದ. ರಾಜನ ಪಾರ್ಟಿನಲ್ಲಿ ಅವನು ಕಣ್ಣು ಕೆಕ್ಕರಿಸಿದರೆ ಮುಂದಿನ ಸಾಲಿನ ಮಕ್ಕಳು ಅಳುತ್ತಿದ್ದವು. ಹಾರ್ಮೋನಿಯಂ ಬಾರಿಸುವ ಯಾಸೀನನ ಹೆಗಲ ಮೇಲೆ ಕೈಯಿಟ್ಟುಕೊಂಡೇ ಒಳಬಂದ. ಕಲಾವಿದನ ಗತ್ತು, ಇರಲಿ ಎಂದುಕೊಂಡ ಹೊಳಬಸಪ್ಪ.

ಮಾತುಗಳನ್ನು ಬರೆದ ಹಾಳೆ ಕೊಟ್ಟರೆ ಪ್ರಭುಲಿಂಗ ಅದನ್ನು ಯಾಸೀನನಿಗೆ ದಾಟಿಸಿದ. "ಓದಪಾ. ಕಂಪನ್ಯಾಗ ನಾವು ಕೇಳೇ ಕಲಿಯೂ ಮಂದಿ."

ಹೌದು, ಕಂಪನಿಗಳಲ್ಲಿ ಒಬ್ಬ ಓದುತ್ತಾನೆ, ಉಳಿದವರು ಬಾಯಿಪಾಠ ಮಾಡುತ್ತಾರೆ. ಹೊಳಬಸಪ್ಪನಿಗೂ ಗೊತ್ತಿತ್ತು. ಕಾಲೇಜಿನಲ್ಲಿ ಅವನೂ ಒಮ್ಮೆ ಸೈನಿಕನಾಗಿ ಈಟಿ ಹಿಡಿದು ನಿಂತಿದ್ದ. ಆದ್ದರಿಂದ ತಾಲೀಮು ತಾನೇ ಮಾಡಿಸಿದ.

"ಏನ್ರಿ ಇದು? ಇಷ್ಟ ನೆಟ್ಟಗ ನಡದ್ರ ಯಾರ ನಂಬ್ತಾರ? ಕೈ ಮುಂದ ಚಾಚ್ರಿ. ತಡವರಸ್ರಿ. ಕುರ್ಚಿಗೆ ಒಂದೀಟ ಡಿಕ್ಕಿ ಹೊಡೀರಿ."

"ಕುರ್ಚಿ ಎಲ್ಲೈತಿ ಅಂತ ಆಗ್ಲೇ ಗೊತ್ತಾಗೈತಲ್ರಿ."

"ಮತ್ತ ನನ್ನ ಮಾರಿ ನೋಡ್ಕೊಂತ ಮಾತಾಡಬ್ಯಾಡ್ರಿ. ಕುರುಡರು ಮಾರಿ ನೋಡ್ತಾರೇನು?"

"ಮಾತು ಬಂದ ಕಡೆ ಮಾರಿ ತಿರುಗಸೂದು ಹಳೇ ಚಟಾರಿ."

ಹೊಳಬಸಪ್ಪ ಹಣೆ ಚಚ್ಚಿಕೊಂಡ. "ನಿಮಗ ಕುರುಡರ ಪಾರ್ಟು ಒಗ್ಗೂದಿಲ್ಲ ಬಿಡ್ರಿ."

"ಮೊದಲನೇ ಸಲ ಮಾಡಾಕತ್ತೇನ್ರಿ, ಸಂಭಾಳಿಸ್ಕೋರಿ," ಎಂದ ಪ್ರಭುಲಿಂಗ. ಯಾಸೀನ ಕೆಮ್ಮಿದ.

ಹೊರಡುವಾಗ ಪ್ರಭುಲಿಂಗ ಬಾಗಿಲಲ್ಲಿ ನಿಂತ. "ಬರೂವಾಗ ಹೊರಗ ಕಟ್ಟಿ ಮ್ಯಾಲ ಮಾತಿಗೆ ಸಿಕ್ಕಿದ್ಳಲ್ರಿ, ಅರ್ಜಿ ಹಿಡಕೊಂಡ ಕುಂತ ಇಳಕಲ್ಲಿನ ಹುಡುಗಿ. ಆಕಿದು ಏನಾಕ್ಕೈತಿ?"

"ನಿಮ್ಮ ಪಾರ್ಟಿನಾಗ ಆ ಮಾತಿಲ್ಲ."

ಜಾಲತಾಣ ಮಾತಾಡುವುದಿಲ್ಲವಲ್ಲ, ಅದಕ್ಕೂ ಉಪಾಯವಿತ್ತು. ವೇದಿಕೆಯ ಪರದೆಯ ಹಿಂದೆ ನಾಗಲಿಂಗ ಮೈಕು ಹಿಡಿದು ಕೂರಬೇಕು. ಪ್ರಭುಲಿಂಗ ಕೀಲಿ ಒತ್ತಿದಾಗಲೆಲ್ಲ ಅವನು ಮೂಗಿನಲ್ಲಿ ಒಂದೊಂದು ಸಾಲು ಓದಬೇಕು. ಅವನೇ ಕಂಪ್ಯೂಟರು.

ಶುಕ್ರವಾರ ಮೇಡಂ ಬಂದರು. ಸಭಾಂಗಣ ತುಂಬಿತು. ಪದ್ಮಶ್ರೀ ಕೊನೆಯ ಸಾಲಿನಲ್ಲಿ ಅರ್ಜಿ ಹಿಡಿದು ಕೂತಳು. ಕಪ್ಪು ಕನ್ನಡಕದ ಪ್ರಭುಲಿಂಗ ಹೇಳಿಕೊಟ್ಟಂತೆಯೇ ಕುರ್ಚಿಗೆ ಡಿಕ್ಕಿ ಹೊಡೆದು ಕೂತ. ಮೇಡಂ ಅಯ್ಯೋ ಎಂದರು. ಹೊಳಬಸಪ್ಪನಿಗೆ ಸಮಾಧಾನವಾಯಿತು.

"ಮುಖಪುಟ," ಎಂದಿತು ಕಂಪ್ಯೂಟರು. "ನೇಯ್ಗೆಯ ಇತಿಹಾಸ. ಕಸೂತಿಯ ಮಾದರಿಗಳು."

ಅಷ್ಟರಲ್ಲಿ ಪರದೆಯ ಹಿಂದೆ ನಾಗಲಿಂಗನ ಕಾಲು ವಯರಿಗೆ ತಗುಲಿತು. ಮಾನಿಟರು ಕಪ್ಪಾಯಿತು. ಪ್ರಭುಲಿಂಗ ಕೀಲಿ ಒತ್ತುತ್ತಲೇ ಇದ್ದ. ಕಂಪ್ಯೂಟರು ಓದುತ್ತಲೇ ಇತ್ತು. ಮುಂದಿನ ಸಾಲಿನಲ್ಲಿ ಹೊಳಬಸಪ್ಪ ಎದ್ದು ನಿಂತು ಎರಡೂ ಕೈ ಬೀಸಿದ, ಸಾಕು, ಸಾಕು. ಕುರ್ಚಿ ಕಿರುಗುಟ್ಟಿದ ಕಡೆ ತಿರುಗಿ ಪ್ರಭುಲಿಂಗ ಮುಗುಳ್ನಕ್ಕ. ಮತ್ತೊಂದು ಕೀಲಿ ಒತ್ತಿದ.

"ಅದ್ಭುತ!" ಎಂದರು ಮೇಡಂ. "ಸ್ಕ್ರೀನ್ ಆಫ್ ಆಗಿದ್ರೂ ಓದ್ತಾ ಇದೆಯಲ್ರೀ! ಇದಕ್ಕಿಂತ ಸುಗಮ ಬೇಕಾ?"

ಆಗ ಪ್ರಭುಲಿಂಗನ ಬೆರಳು ನಿಂತಿತು. ಕಂಪ್ಯೂಟರು ನಿಲ್ಲಲಿಲ್ಲ.

ಮೇಡಂ ಪೆನ್ನು ತೆಗೆದರು. ಕೊನೆಯ ಸಾಲಿನಿಂದ ಪದ್ಮಶ್ರೀ ಕೂಗಿದಳು: "ಕಂಪ್ಯೂಟರಪ್ಪಾ, ಫೆಲೋಶಿಪ್ ಅರ್ಜಿ ಎಲ್ಲೈತಿ ಹೇಳು!"

"ಸುಮ್ಕ ಕುಂದ್ರವಾ ಪದ್ಮಶ್ರೀ," ಎಂದಿತು ಕಂಪ್ಯೂಟರು. "ಸಾಹೇಬ್ರು ಬೈತಾರ."

ಸಭೆ ಗೊಳ್ಳೆಂದಿತು. ಮೇಡಂ ಪೆನ್ನು ಮುಚ್ಚಿದರು. ಹೊಳಬಸಪ್ಪ ಬೆವರಿದ, ಆದರೆ ಇಪ್ಪತ್ತು ವರ್ಷ ನೌಕರಿ ಮಾಡಿದವನು.

"ಮೇಡಂ, ಇದು ಬರೀ ಪ್ರಾತ್ಯಕ್ಷಿಕೆ ನಾಟಕರಿ. ಮೋಸ ಅಲ್ಲ. ಇವರು ಕಣ್ಣಿದ್ದ ಕಲಾವಿದರು. ಬೇಕಂದ್ರ ಈಗ ಇವರೇ ಜಾಲತಾಣ ನೋಡಿ ಓದಿ ತೋರಸ್ತಾರ. ಎಷ್ಟ ಸುಲಭ ಐತಿ ಅಂತ ನೀವೇ ನೋಡ್ರಿ."

ಮೇಡಂ ಗಡಿಯಾರ ನೋಡಿಕೊಂಡರು. ಬಾದಾಮಿಯ ಗುಹೆಗಳನ್ನು ಇನ್ನೂ ನೋಡಬೇಕಿತ್ತು. "ಸರಿ, ಓದಲಿ. ಓದಿದರೆ ಸಹಿ ಮಾಡ್ತೀನಿ."

ಪದ್ಮಶ್ರೀಯ ಕೈಯಲ್ಲಿ ಅರ್ಜಿ ಮುದುಡಿತು. ವಯರು ಸಿಕ್ಕಿಸಿದರು. ಸೆರಗು ಮತ್ತೆ ಹಾರಾಡತೊಡಗಿತು. ಹೊಳಬಸಪ್ಪ ವೇದಿಕೆ ಹತ್ತಿ ಪ್ರಭುಲಿಂಗನ ಕಿವಿಯಲ್ಲಿ ಉಸುರಿದ: "ಕನ್ನಡಕ ತಗೀರಿ. ನಾಟಕ ಸಾಕು. ಮುಂದ ಏನ ಕಾಣತೈತಿ, ಅದನ್ನಷ್ಟ ಓದ್ರಿ."

ಪ್ರಭುಲಿಂಗ ಕನ್ನಡಕ ತೆಗೆದು ಮಡಚಿಟ್ಟ. ಮೈಕು ಹತ್ತಿರಕ್ಕೆ ಎಳೆದುಕೊಂಡ.

"ಓದಂಗಿಲ್ರಿ ಸಾಹೇಬ್ರ. ಹುಟ್ಟಾ ಕುರುಡ ನಾ. ಕಣ್ಣಿದ್ದಾಂವನ ಪಾರ್ಟು ಕಂಪನ್ಯಾಗಷ್ಟ ಮಾಡಾಂವ."