ಬಾಗಿನದ ಸೀರೆ

ಸೈಬೀರಿಯಾದ ಜಲಾಶಯಕ್ಕೆ ಬಾಗಿನ ಬಿಡುವ ದಿನ ಬಂತೆಂದರೆ ಹುಲಿಗೆವ್ವ ನಸುಕಿನಲ್ಲೇ ದಂಡೆಗೆ ಇಳಿಯುತ್ತಿದ್ದಳು. ದಂಡೆಯ ಹಳೇ ಹಿಮ ಕರಗಿದಂತೆಲ್ಲ ಅದರೊಳಗೆ ಸಾವಿರಾರು ವರ್ಷ ಹೂತಿದ್ದ ಮ್ಯಾಮತ್ ಆನೆಗಳು ಕೊಳೆಯುತ್ತ ತೇಲಿ ಬಂದು ಅಣೆಕಟ್ಟಿಗೆ ಬಡಿಯುತ್ತಿದ್ದವು. ಕೊಕ್ಕೆಗೋಲಿನಿಂದ ಅವನ್ನು ಎಳೆದು ಹಾಕುವುದು ಅವಳ ಕೆಲಸ. ಬಿಸಿಲು ತಾಳದೆ ಕೊಪ್ಪಳ ಬಿಟ್ಟು ಬಂದವರೆಲ್ಲ ಇಲ್ಲಿ ಕುಡಿಯುತ್ತಿದ್ದುದು ಅದೇ ನೀರನ್ನು.

ಈ ಸಲ ಆನೆಯ ಹಿಂದೆಯೇ ಅದೇ ಹಿಮದಲ್ಲಿ ಹೂತಿದ್ದ ಒಬ್ಬ ಹೆಂಗಸೂ ತೇಲಿ ಬಂದಳು. ತೊಗಲಿನ ಉಡುಗೆ ಹರಿದು ಹೋಗಿತ್ತು, ಮುಖ ಮಾತ್ರ ನಿನ್ನೆ ಸತ್ತವಳದಂತಿತ್ತು.

"ಸಾಹೇಬ್ರ, ಮಣ್ಣು ಮಾಡೂಣ್ರಿ," ಎಂದಳು ಹುಲಿಗೆವ್ವ.

ಮುಖ್ಯ ಇಂಜಿನಿಯರ್ ಪಾಲಾಕ್ಷಪ್ಪ ಮೂಗಿಗೆ ಕರವಸ್ತ್ರ ಒತ್ತಿಕೊಂಡ. "ಆಮೇಲೆ ನೋಡೋಣ. ಫೋಟೊ ಮುಗಿಯೋವರೆಗೂ ನೀರೊಳಗೆ ಅದುಮಿ ಹಿಡಿ."

ಅವಳು ಅದುಮಿ ಹಿಡಿದಳು. ಆತ ಕ್ಯಾಮೆರಾಕ್ಕೆ ನಕ್ಕು, ಗಂಗಮ್ಮತಾಯಿಗೆ ಕೈಮುಗಿದು, ಸೀರೆ ಬಳೆ ಅರಿಸಿನ ತುಂಬಿದ ಮೊರವನ್ನು ನೀರಿಗೆ ಬಿಟ್ಟ. ಆರು ವರ್ಷದಿಂದಲೂ ಅದೇ ಸೀರೆ. ಪ್ರತಿ ಸಲವೂ ಜನ ಹೋದ ಮೇಲೆ ಹುಲಿಗೆವ್ವ ಅದನ್ನು ಕೊಕ್ಕೆಯಿಂದ ಎತ್ತಿ ಒಣಗಿಸಿಡಬೇಕಿತ್ತು.

ಅತಿಥಿಗಳನ್ನು ಊಟಕ್ಕೆ ಕೂರಿಸಿ ಬಂದ ಪಾಲಾಕ್ಷಪ್ಪ ಕೇಳಿದ, "ಸೀರೆ ಎಲ್ಲಿ?"

"ಆಕಿಗೆ ಉಡಿಸಿ ಮಣ್ಣು ಮಾಡೀನ್ರಿ."

"ಥೂ, ಹೆಣಕ್ಕಾ? ಅಗೆದು ತೆಗಿ. ತೊಳೆದ್ರೆ ವಾಸನೆ ಹೋಗುತ್ತೆ, ಮುಂದಿನ ವರ್ಷಕ್ಕೆ ಬೇಕು."

ಹುಲಿಗೆವ್ವ ಕೆಸರು ಮೆತ್ತಿದ್ದ ಗುದ್ದಲಿಯನ್ನು ಅವನ ಕೈಗೆ ತುರುಕಿದಳು.

"ನೀವ ಅಗೀರಿ. ಹೆಣ್ಮಗಳ ಮೈಮ್ಯಾಗಿನ ಸೀರಿ ಬಿಚ್ಚೂ ಕೆಲಸ ನಂದಲ್ಲ."